ಬ್ರೌಸರ್ ಯಾರ ಪ್ರತಿನಿಧಿ?

ಈ ಉಪನ್ಯಾಸಕ್ಕೆ ಕರೆದವರು ನನ್ನ ಮುಂದಿಟ್ಟ ಪ್ರಶ್ನೆ ನೇರವಾಗಿತ್ತು: ಇಷ್ಟೊಂದು ವೆಬ್ ಬ್ರೌಸರ್‌ಗಳಿರುವಾಗ ಯಾವುದನ್ನು ಆಯ್ದುಕೊಳ್ಳಬೇಕು, ಮತ್ತು ಅವು ಇತ್ತೀಚೆಗೆ ಇಷ್ಟು ಬೇಗ ಬೇಗ ಬದಲಾಗುತ್ತಿರುವುದು ಏಕೆ? ಎರಡಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ವಿಚಿತ್ರವಾದ ಸಾಲನ್ನು ನಿಮಗೆ ಓದಿ ಹೇಳಬೇಕು. ಗೂಗಲ್ ಕಂಪನಿಯ ಕ್ರೋಮ್ ಬ್ರೌಸರ್ ಯಾವುದೇ ಜಾಲತಾಣದಿಂದ ಪುಟವೊಂದನ್ನು ಕೇಳುವಾಗ ಜೊತೆಗೆ ತನ್ನ ಗುರುತನ್ನೂ ಹೇಳಿಕೊಳ್ಳುತ್ತದೆ. ಸಂಖ್ಯೆಗಳನ್ನೂ ಕಂಪ್ಯೂಟರಿನ ವಿವರಗಳನ್ನೂ ಬಿಟ್ಟು ಓದಿದರೆ ಆ ಸಾಲು ಹೀಗಿದೆ: ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕ್ಕೊವಿನಂತೆ, ಕ್ರೋಮ್, ಸಫಾರಿ. ತನ್ನ ಹೆಸರೊಂದನ್ನು ಹೇಳಬೇಕಾದ ಕಡೆ ಅದು ಇನ್ನೂ ಐದು ಹೆಸರುಗಳನ್ನು ಹೇಳುತ್ತದೆ, ಅವುಗಳಲ್ಲಿ ನಾಲ್ಕು ಪ್ರತಿಸ್ಪರ್ಧಿಗಳ ಪಾಳೆಯಕ್ಕೆ ಸೇರಿದವು. ಬ್ರೌಸರ್‌ಗಳ ಮೂವತ್ತು ವರ್ಷಗಳ ಇತಿಹಾಸವೆಲ್ಲ ಈ ಒಂದು ಸಾಲಿನಲ್ಲಿ ಪದರ ಪದರವಾಗಿ ಕುಳಿತಿದೆ.

ಈ ಗುರುತಿನ ಸಾಲಿಗೆ ವೆಬ್‌ನ ತಾಂತ್ರಿಕ ಭಾಷೆಯಲ್ಲಿ ಇರುವ ಹೆಸರು ‘ಯೂಸರ್ ಏಜೆಂಟ್’. ಬಳಕೆದಾರನ ಪ್ರತಿನಿಧಿ ಎಂದು ಅದರ ಅರ್ಥ. ವೆಬ್‌ನ ಮಾನಕಗಳನ್ನು ಬರೆಯುವವರು ಬ್ರೌಸರನ್ನು ಮೊದಲಿನಿಂದಲೂ ಈ ಹೆಸರಿನಿಂದಲೇ ಕರೆಯುತ್ತ ಬಂದಿದ್ದಾರೆ, ಮತ್ತು ಆ ಪದವನ್ನು ಹಗುರವಾಗಿ ಆರಿಸಿದ್ದಲ್ಲ ಎಂದೇ ನನ್ನ ನಂಬಿಕೆ. ವೆಬ್ ಪುಟಗಳನ್ನು ಬರೆಯುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನ ಮಾನಕದ ವಿನ್ಯಾಸ ತತ್ತ್ವಗಳಲ್ಲಿ ಒಂದು ಕ್ರಮ ನಿಗದಿಯಾಗಿದೆ: ಹಿತಗಳ ನಡುವೆ ಘರ್ಷಣೆ ಬಂದಾಗ ಮೊದಲು ಬಳಕೆದಾರರ ಹಿತ, ಆಮೇಲೆ ಪುಟಗಳನ್ನು ರಚಿಸುವವರದು, ಆಮೇಲೆ ಬ್ರೌಸರ್ ತಯಾರಿಸುವವರದು, ಅದರ ನಂತರ ಮಾನಕ ಬರೆಯುವವರದು, ಕೊನೆಯಲ್ಲಿ ಸಿದ್ಧಾಂತದ ಶುದ್ಧತೆ. ನಮ್ಮ ಪರವಾಗಿ ಹೊರಗೆ ಹೋಗಿ, ಬೇಕಾದ್ದನ್ನು ಕೇಳಿ ತಂದು, ನಮಗೆ ಕೆಡುಕಾಗುವುದನ್ನು ಬಾಗಿಲಲ್ಲೇ ತಡೆಯಬೇಕಾದ ಪ್ರತಿನಿಧಿ ಅದು. ಇವತ್ತು ನಾನು ಹೇಳುವುದೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ: ನಾವು ನೇಮಿಸಿಕೊಂಡ ಈ ಪ್ರತಿನಿಧಿ ನಿಜವಾಗಿ ಯಾರ ಮಾತು ಕೇಳುತ್ತಾನೆ?

ಸಾಲಿನ ಮೊದಲ ಹೆಸರಿನಿಂದ ತೊಡಗೋಣ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರ್ ಒಂದು ವಿಶಿಷ್ಟ ಬಗೆಯ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತಿತ್ತು. ಬ್ರೌಸರ್ ಎಂಬುದು ಜನಬಳಕೆಗೆ ಬಂದದ್ದು 1993ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೇಂದ್ರವೊಂದರಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಅವರು ರೂಪಿಸಿದ ಮೊಸಾಯಿಕ್ ಮೂಲಕ. ಮರುವರ್ಷವೇ ನೆಟ್‌ಸ್ಕೇಪ್ ಬಂತು. ಮೊಸಾಯಿಕನ್ನು ಮಣಿಸಬೇಕೆಂಬ ಹಟದಲ್ಲಿ ಕಂಪನಿಯೊಳಗೆ ಅದಕ್ಕೆ ಇಟ್ಟುಕೊಂಡಿದ್ದ ಹೆಸರು ಮೊಜಿಲ್ಲಾ. ನೆಟ್‌ಸ್ಕೇಪಿಗೆ ಮಾತ್ರ ತಿಳಿದಿದ್ದ ಕೆಲವು ಸೌಲಭ್ಯಗಳಿದ್ದುದರಿಂದ, ಜಾಲತಾಣಗಳು ಬಂದವರ ಗುರುತು ನೋಡಿ, ‘ಮೊಜಿಲ್ಲಾ’ ಎಂದವರಿಗೆ ಒಳ್ಳೆಯ ಪುಟವನ್ನೂ ಉಳಿದವರಿಗೆ ಸಾದಾ ಪುಟವನ್ನೂ ಕೊಡತೊಡಗಿದವು. 1995ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಒಳ್ಳೆಯ ಪುಟ ಸಿಗಬೇಕಾದರೆ ಅದೂ ತಾನು ಮೊಜಿಲ್ಲಾ ಎಂದೇ ಹೇಳಿಕೊಳ್ಳಬೇಕಾಯಿತು. ಅಂದಿನಿಂದ ಇಂದಿನವರೆಗೆ ಹೆಚ್ಚುಕಡಿಮೆ ಎಲ್ಲ ಬ್ರೌಸರ್‌ಗಳೂ ಆ ಹೆಸರಿನಿಂದಲೇ ಮಾತು ಆರಂಭಿಸುತ್ತವೆ.

ಮುಂದಿನ ಅಧ್ಯಾಯದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈಗಿನ ಸ್ಥಿತಿಯನ್ನು ಅರಿಯಲು ಅದರಷ್ಟು ನೆರವಾಗುವ ಘಟನೆ ಬೇರೊಂದಿಲ್ಲ. ವಿಂಡೋಸ್ ಜೊತೆಗೇ ಸೇರಿ ಬರುತ್ತಿದ್ದ ಎಕ್ಸ್‌ಪ್ಲೋರರ್ ಕೆಲವೇ ವರ್ಷಗಳಲ್ಲಿ ನೆಟ್‌ಸ್ಕೇಪನ್ನು ಮೂಲೆಗುಂಪು ಮಾಡಿತು. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತಾದರೂ ಅಷ್ಟರಲ್ಲಿ ಮಾರುಕಟ್ಟೆ ಒಂದೇ ಕೈಗೆ ಸೇರುವುದರಲ್ಲಿತ್ತು. 2001ರ ಆಗಸ್ಟ್‌ನಲ್ಲಿ ಎಕ್ಸ್‌ಪ್ಲೋರರ್‌ನ ಆರನೆಯ ಆವೃತ್ತಿ ಬಂತು. ಏಳನೆಯದು ಬಂದದ್ದು 2006ರ ಅಕ್ಟೋಬರ್‌ನಲ್ಲಿ. ನಡುವಿನ ಐದು ವರ್ಷ ಲೋಕದ ಬಹುಪಾಲು ಜನ ಬಳಸುತ್ತಿದ್ದ ಬ್ರೌಸರ್ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಆ ಕಾಲದಲ್ಲಿ ಪುಟಗಳನ್ನು ಕಟ್ಟುವ ಕೆಲಸದಲ್ಲಿದ್ದ ನಾನು ಪ್ರತಿಯೊಂದು ಪುಟವನ್ನೂ ಎರಡು ಸಲ ಕಟ್ಟುತ್ತಿದ್ದೆ: ಒಮ್ಮೆ ಮಾನಕ ಹೇಳುವಂತೆ, ಇನ್ನೊಮ್ಮೆ ಆ ಆರನೆಯ ಆವೃತ್ತಿಯ ತಪ್ಪುಗಳಿಗೆ ಹೊಂದುವಂತೆ. ಅರೆಪಾರದರ್ಶಕ ಪಿಎನ್‌ಜಿ ಚಿತ್ರಗಳ ಹಿಂದೆ ಬೂದು ಬಣ್ಣದ ಚೌಕ ಬರುತ್ತಿತ್ತು, ಬದಿಗೆ ಸರಿಸಿಟ್ಟ ಅಂಕಣದ ಅಂಚು ಕಾರಣವಿಲ್ಲದೆ ಎರಡರಷ್ಟಾಗುತ್ತಿತ್ತು. ಇದಕ್ಕಿಂತ ದೊಡ್ಡ ಕೇಡೆಂದರೆ, ಅನೇಕ ಸಂಸ್ಥೆಗಳು ತಮ್ಮ ಒಳಗಿನ ವ್ಯವಸ್ಥೆಗಳನ್ನು ಆ ಒಂದು ಬ್ರೌಸರಿಗೆ ಮಾತ್ರ ಹೊಂದುವ ತಂತ್ರಗಳ ಮೇಲೆ ಕಟ್ಟಿಕೊಂಡದ್ದು. ಹೊಸ ಆವೃತ್ತಿ ಬಂದ ಮೇಲೂ ಅವು ಹಳೆಯದನ್ನು ಬಿಡಲಾರದೆ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡವು. ಎಕ್ಸ್‌ಪ್ಲೋರರಿಗೆ ಕೊನೆಗೂ ತೆರೆ ಬಿದ್ದದ್ದು 2022ರ ಜೂನ್‌ನಲ್ಲಿ. ಗೆದ್ದ ಬ್ರೌಸರ್ ಕೆಟ್ಟದಾಗಿತ್ತೆಂದು ಈ ಕಥೆ ಹೇಳುತ್ತಿಲ್ಲ, ಏಕೆಂದರೆ ಬಂದಾಗ ಅದು ಒಳ್ಳೆಯ ಬ್ರೌಸರೇ ಆಗಿತ್ತು. ಸ್ಪರ್ಧಿಗಳಿಲ್ಲದೆ ಹೋದ ಮೇಲೆ ಅದನ್ನು ಉತ್ತಮಪಡಿಸಲು ಅದರ ಒಡೆಯರಿಗೆ ಕಾರಣವೇ ಉಳಿಯಲಿಲ್ಲ.

ಸಾಲಿನಲ್ಲಿರುವ ಉಳಿದ ಹೆಸರುಗಳೆಲ್ಲ ಆ ಸೋಲಿನ ಬೂದಿಯಿಂದ ಎದ್ದವು ಎನ್ನಬಹುದು. ನೆಟ್‌ಸ್ಕೇಪ್ 1998ರಲ್ಲಿ ತನ್ನ ಮೂಲಸಂಕೇತವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಆ ಯೋಜನೆಯೊಳಗೆ ಹೊಸದಾಗಿ ಬೆಳೆದ ಎಂಜಿನ್ ಗೆಕ್ಕೊ, ಅದರ ಮೇಲೆ 2004ರ ನವೆಂಬರ್‌ನಲ್ಲಿ ನಿಂತ ಬ್ರೌಸರ್ ಫೈರ್‌ಫಾಕ್ಸ್. ಎಂಜಿನ್ ಎಂದರೆ ಪುಟದ ಸಂಕೇತವನ್ನು ಓದಿ, ವಿನ್ಯಾಸವನ್ನು ಲೆಕ್ಕಹಾಕಿ, ಜಾವಾಸ್ಕ್ರಿಪ್ಟನ್ನು ನಡೆಸಿ, ಒತ್ತಕ್ಷರಗಳುಳ್ಳ ಲಿಪಿಗಳನ್ನು ಸರಿಯಾಗಿ ಜೋಡಿಸಿ, ಕೊನೆಗೆ ತೆರೆಯ ಮೇಲೆ ಚಿತ್ರಿಸುವ ಒಳಯಂತ್ರ. ನಮ್ಮ ಕಣ್ಣಿಗೆ ಕಾಣುವ ಟ್ಯಾಬ್‌ಗಳು, ವಿಳಾಸ ಪಟ್ಟಿ, ಗುಂಡಿಗಳು ಅದರ ಮೇಲಿನ ಹೊದಿಕೆ ಮಾತ್ರ. ಅದೇ ಸುಮಾರಿಗೆ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಲಿನಕ್ಸ್ ಬಳಕೆದಾರರಿಗಾಗಿ ಕೆಎಚ್‌ಟಿಎಂಎಲ್ ಎಂಬ ಚಿಕ್ಕ ಎಂಜಿನ್ ಬರೆದಿದ್ದರು. ಆಪಲ್ ತನ್ನ ಸಫಾರಿಗಾಗಿ ಗೆಕ್ಕೊವನ್ನು ಬಿಟ್ಟು ಈ ಚಿಕ್ಕದನ್ನು ಆರಿಸಿತು, 2003ರಲ್ಲಿ ಲೋಕಕ್ಕೆ ತೋರಿಸಿತು. ಕೆಎಚ್‌ಟಿಎಂಎಲ್‌ನ ಪರವಾನಗಿಯ ಪ್ರಕಾರ ತಿದ್ದುಪಡಿಗಳನ್ನೂ ಹಂಚಬೇಕಾಗಿದ್ದುದರಿಂದ ಅದರ ಆಪಲ್ ರೂಪವಾದ ವೆಬ್‌ಕಿಟ್ ಕೂಡ ಮುಕ್ತವಾಯಿತು. 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್ ತನ್ನ ಕ್ರೋಮನ್ನು ವೆಬ್‌ಕಿಟ್ ಮೇಲೆಯೇ ಕಟ್ಟಿತು, 2013ರಲ್ಲಿ ಕವಲೊಡೆದು ಅದನ್ನು ಬ್ಲಿಂಕ್ ಎಂದು ಕರೆಯಿತು. ಕೆಲವೇ ಮಂದಿಯ ತಂಡ ಬರೆದ ಆ ಸಂಕೇತದ ವಂಶ ಇಂದು ಜಗತ್ತಿನ ಬಹುಪಾಲು ಫೋನುಗಳಲ್ಲೂ ಕಂಪ್ಯೂಟರ್‌ಗಳಲ್ಲೂ ಇದೆ. ಮುಕ್ತ ತಂತ್ರಾಂಶದ ಬಗ್ಗೆ ನನಗಿರುವ ಗೌರವಕ್ಕೆ ಇದೊಂದು ಕಥೆಯೇ ಸಾಕು.

ಆದರೆ ಕವಲುಗಳು ಹೆಚ್ಚುವ ಬದಲು ಕಡಿಮೆಯಾಗುತ್ತ ಬಂದವು. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನನ್ನು ಕೈಬಿಟ್ಟಿತು. ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರಿನ ಸ್ವಂತ ಎಂಜಿನನ್ನು ನಿಲ್ಲಿಸುವುದಾಗಿ 2018ರ ಡಿಸೆಂಬರ್‌ನಲ್ಲಿ ಹೇಳಿ, 2020ರ ಜನವರಿಯಲ್ಲಿ ಗೂಗಲ್‌ನ ಕ್ರೋಮಿಯಂ ಮೇಲೆ, ಅಂದರೆ ಕ್ರೋಮ್‌ನ ಮುಕ್ತ ಮೂಲರೂಪದ ಮೇಲೆ, ಹೊಸ ಎಡ್ಜನ್ನು ತಂದಿತು. ಅಷ್ಟು ಹಣ, ಅಷ್ಟು ಎಂಜಿನಿಯರ್‌ಗಳಿರುವ ಕಂಪನಿಗೇ ಸ್ವಂತ ಎಂಜಿನ್ ಹೊರೆಯೆನಿಸಿತು ಎಂದರೆ, ಆಧುನಿಕ ವೆಬ್ ಎಷ್ಟು ದೊಡ್ಡದಾಗಿ ಬೆಳೆದಿದೆ ಎಂಬುದನ್ನು ಊಹಿಸಬಹುದು. ಹೀಗಾಗಿ ಅಂಗಡಿಯಲ್ಲಿ ಹತ್ತಾರು ಹೆಸರುಗಳು ಕಂಡರೂ ಒಳಗಿರುವುದು ಮುಖ್ಯವಾಗಿ ಮೂರೇ ಎಂಜಿನ್. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್ನೆಟ್, ಇವೆಲ್ಲದರ ಒಳಗೆ ಬ್ಲಿಂಕ್. ಸಫಾರಿಯೊಳಗೆ ವೆಬ್‌ಕಿಟ್. ಫೈರ್‌ಫಾಕ್ಸ್ ಮತ್ತು ಅದರಿಂದ ಹುಟ್ಟಿದ ಟಾರ್ ಬ್ರೌಸರ್‌ನಂಥವುಗಳೊಳಗೆ ಗೆಕ್ಕೊ. ಐಫೋನಿನಲ್ಲಂತೂ ಯಾವ ಹೆಸರಿನ ಬ್ರೌಸರನ್ನು ಹಾಕಿಕೊಂಡರೂ ಒಳಗೆ ವೆಬ್‌ಕಿಟ್ಟೇ ಇರಬೇಕೆಂದು ಆಪಲ್ ಬಹುಕಾಲ ವಿಧಿಸಿತ್ತು. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಒತ್ತಡದಿಂದ 2024ರ ಮಾರ್ಚ್‌ನಲ್ಲಿ ಆ ಒಕ್ಕೂಟದ ದೇಶಗಳಿಗೆ ಮಾತ್ರ ಈ ನಿರ್ಬಂಧ ಸಡಿಲಗೊಂಡಿತು.

ಎಂಜಿನ್‌ಗಳ ಸಂಖ್ಯೆಯ ಬಗ್ಗೆ ಬಳಕೆದಾರರು ಏಕೆ ತಲೆಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. 2023ರ ಒಂದು ಪ್ರಸಂಗ ಹೇಳುತ್ತೇನೆ. ನೀವು ಬಳಸುತ್ತಿರುವ ಸಾಧನ ಮತ್ತು ಬ್ರೌಸರ್ ‘ನಂಬಲರ್ಹವೇ’ ಎಂದು ಜಾಲತಾಣವೇ ಮೂರನೆಯವರ ಮೂಲಕ ದೃಢೀಕರಣ ಪಡೆಯುವಂಥ ಪ್ರಸ್ತಾವವೊಂದನ್ನು ಗೂಗಲ್‌ನ ಎಂಜಿನಿಯರ್‌ಗಳು ಮುಂದಿಟ್ಟರು. ಯಂತ್ರಗಳ ಮೂಲಕ ನಡೆಯುವ ವಂಚನೆಯನ್ನು ತಡೆಯುವುದು ಅದರ ಉದ್ದೇಶ ಎಂದರು. ಆದರೆ ಬದಲಾಯಿಸಿದ ಬ್ರೌಸರ್, ಹೊಸ ಬ್ರೌಸರ್, ಜಾಹೀರಾತು ತಡೆಯುವ ಬ್ರೌಸರ್ ಇವೆಲ್ಲವನ್ನೂ ಬಾಗಿಲಲ್ಲೇ ತಿರಸ್ಕರಿಸುವ ದಾರಿ ಅದರಿಂದ ತೆರೆಯುತ್ತಿತ್ತು. ಬಳಕೆದಾರನ ಪ್ರತಿನಿಧಿ ಜಾಲತಾಣದ ಕಾವಲುಗಾರನಾಗಿ ಬದಲಾಗುತ್ತಿದ್ದ. ಈಗ ಫೈರ್‌ಫಾಕ್ಸ್ ತಯಾರಿಸುವ ಸಂಸ್ಥೆಯ ಹೆಸರಾಗಿರುವ ಮೊಜಿಲ್ಲಾ ಅದನ್ನು ವಿರೋಧಿಸಿತು, ಬ್ರೇವ್ ಮತ್ತು ವಿವಾಲ್ಡಿಯವರೂ ವಿರೋಧಿಸಿದರು, ಅದೇ ವರ್ಷದ ಕೊನೆಯಲ್ಲಿ ಪ್ರಸ್ತಾವ ಹಿಂದಕ್ಕೆ ಹೋಯಿತು. ಬೇರೆ ಎಂಜಿನ್ ಇಟ್ಟುಕೊಂಡವರು ‘ನಾವು ಇದನ್ನು ಅಳವಡಿಸುವುದಿಲ್ಲ’ ಎಂದಾಗ ಆ ಮಾತಿಗೆ ತೂಕವಿರುತ್ತದೆ. ಎಲ್ಲರೂ ಒಂದೇ ಎಂಜಿನ್ನಿನ ಮೇಲೆ ಕುಳಿತರೆ, ವಿರೋಧಿಸುವವರ ಕೈಯಲ್ಲಿ ಮನವಿ ಪತ್ರ ಮಾತ್ರ ಉಳಿಯುತ್ತದೆ.

ಇನ್ನು ಹಣದ ವಿಚಾರ. ಬ್ರೌಸರ್‌ಗೆ ನಾವು ಬೆಲೆ ಕೊಡುವುದಿಲ್ಲ, ಆದರೆ ಬ್ರೌಸರ್ ಕಟ್ಟುವವರಿಗೆ ಸಂಬಳವಂತೂ ಯಾರೋ ಕೊಡುತ್ತಿದ್ದಾರೆ. ಬಹುಪಾಲು ಆ ಹಣ ವಿಳಾಸ ಪಟ್ಟಿಯಿಂದ ಹುಟ್ಟುತ್ತದೆ: ಅಲ್ಲಿ ನಾವು ಬರೆದ ಪದಗಳು ಯಾವ ಹುಡುಕು ಯಂತ್ರಕ್ಕೆ ಹೋಗುತ್ತವೋ ಆ ಕಂಪನಿ ಬ್ರೌಸರಿನವರಿಗೆ ಪಾಲು ಕೊಡುತ್ತದೆ. ಸಫಾರಿಯಲ್ಲಿ ಪೂರ್ವನಿಯೋಜಿತ ಹುಡುಕು ಯಂತ್ರವಾಗಿರಲು ಗೂಗಲ್ 2022ರಲ್ಲಿ ಆಪಲ್‌ಗೆ ಸುಮಾರು 2,000 ಕೋಟಿ ಡಾಲರ್ ಕೊಟ್ಟಿತೆಂಬುದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಂತು. ಮೊಜಿಲ್ಲಾದ ಆದಾಯದ ಬಹುಭಾಗ ಕೂಡ ಗೂಗಲ್‌ನಿಂದಲೇ ಬರುತ್ತದೆ. ಎದುರು ಕಕ್ಷಿಯವರು ನಮ್ಮ ವಕೀಲರ ಮನೆ ಖರ್ಚು ನೋಡಿಕೊಳ್ಳುವಂಥ ಸ್ಥಿತಿ ಇದು. ವಕೀಲರು ಪ್ರಾಮಾಣಿಕರಾಗಿಯೇ ಇರಬಹುದು, ಫೈರ್‌ಫಾಕ್ಸ್ ಕಟ್ಟುವವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ, ಆದರೂ ಆ ನೆಲೆ ಗಟ್ಟಿಯಾದದ್ದಲ್ಲ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಹುಡುಕಾಟದಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಕ್ರೋಮನ್ನು ಮಾರಿಸಬೇಕೆಂದು ಸರ್ಕಾರ ಕೇಳಿತ್ತು. 2025ರ ಸೆಪ್ಟೆಂಬರ್‌ನ ಆದೇಶದಲ್ಲಿ ಅವರು ಅದಕ್ಕೆ ಒಪ್ಪದೆ, ಬೇರೆಯವರನ್ನು ಹೊರಗಿಡುವಂಥ ಒಪ್ಪಂದಗಳನ್ನು ನಿಷೇಧಿಸಿ, ಹಣ ಕೊಡುವುದನ್ನು ಮುಂದುವರಿಸಲು ಬಿಟ್ಟರು. ಹಣ ಪೂರ್ತಿ ನಿಂತಿದ್ದರೆ ಮೊದಲು ಮುಗ್ಗರಿಸುತ್ತಿದ್ದುದು ಗೂಗಲ್‌ಗೆ ಪ್ರತಿಸ್ಪರ್ಧಿಯಾದ ಫೈರ್‌ಫಾಕ್ಸೇ ಎಂಬುದು ಈ ಪ್ರಕರಣದ ಕಷ್ಟದ ಗಂಟು.

ಹಣ ಎಲ್ಲಿಂದ ಬರುತ್ತದೆ ಎಂಬುದು ಬ್ರೌಸರಿನ ನಡವಳಿಕೆಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳಿವೆ. ಮೊದಲನೆಯದು ಮೂರನೆಯವರ ಕುಕಿಗಳದು. ನೀವು ಓದುತ್ತಿರುವ ಪುಟಕ್ಕೆ ಸಂಬಂಧವಿಲ್ಲದ ಜಾಹೀರಾತು ಕಂಪನಿಯೊಂದು ನಿಮ್ಮ ಬ್ರೌಸರಿನಲ್ಲಿ ಒಂದು ಗುರುತಿನ ಚೀಟಿ ಇಟ್ಟು, ನೀವು ಮುಂದೆ ಹೋದಲ್ಲೆಲ್ಲ ಅದನ್ನು ಓದಿಕೊಳ್ಳುತ್ತ ನಿಮ್ಮ ಹಿಂದೆಯೇ ಬರುವ ಉಪಾಯ ಇದು. ಸಫಾರಿ 2020ರ ಮಾರ್ಚ್‌ನಲ್ಲಿ ಇವುಗಳನ್ನು ಪೂರ್ತಿಯಾಗಿ ತಡೆಯಿತು. ಫೈರ್‌ಫಾಕ್ಸ್ 2019ರಿಂದ ಗೊತ್ತಿರುವ ಹಿಂಬಾಲಕರನ್ನು ತಾನಾಗಿ ತಡೆಯತೊಡಗಿ, 2022ರಲ್ಲಿ ಪ್ರತಿ ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಒಂದರಿಂದ ಇನ್ನೊಂದಕ್ಕೆ ಕಾಣದಂತೆ ಮಾಡಿತು. ಕ್ರೋಮ್ ಎರಡು ವರ್ಷಗಳಲ್ಲಿ ಇವನ್ನು ತೆಗೆಯುವುದಾಗಿ 2020ರಲ್ಲಿ ಹೇಳಿತು, ಮತ್ತೆ ಮತ್ತೆ ಮುಂದಕ್ಕೆ ಹಾಕಿತು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಇದರಲ್ಲಿ ಇನ್ನೊಂದು ಬದಿಯೂ ಇದೆಯೆಂದು ಹೇಳಬೇಕು: ಕ್ರೋಮ್ ಕುಕಿಗಳನ್ನು ತೆಗೆದರೆ ಜಾಹೀರಾತಿನಲ್ಲಿ ಗೂಗಲ್‌ನ ಸ್ಪರ್ಧಿಗಳಿಗೆ ಹೊಡೆತ ಬೀಳುತ್ತದೆಂದು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರೂ ತಡೆಯೊಡ್ಡಿದ್ದರು. ಆದರೆ ಆ ತೊಡಕು ಹುಟ್ಟಿದ್ದೇ ಜಾಹೀರಾತಿನ ವ್ಯಾಪಾರವೂ ಬ್ರೌಸರೂ ಒಂದೇ ಮನೆಯಲ್ಲಿರುವುದರಿಂದ.

ಎರಡನೆಯದು ವಿಸ್ತರಣೆಗಳದು, ಅಂದರೆ ಎಕ್ಸ್‌ಟೆನ್ಶನ್‌ಗಳದು. ಜಾಹೀರಾತನ್ನೂ ಹಿಂಬಾಲಕರನ್ನೂ ತಡೆಯುವ ವಿಸ್ತರಣೆಗಳು ಹಿಂದೆ ಬ್ರೌಸರ್ ಕಳಿಸುವ ಪ್ರತಿಯೊಂದು ಕೋರಿಕೆಯನ್ನೂ ನಡುವೆ ನಿಂತು ನೋಡಿ, ಆ ಕ್ಷಣದಲ್ಲೇ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದವು. ಕ್ರೋಮ್ ತಂದ ಹೊಸ ನಿಯಮಾವಳಿಯಲ್ಲಿ, ಅದರ ಹೆಸರು ಮ್ಯಾನಿಫೆಸ್ಟ್ ವಿ3, ವಿಸ್ತರಣೆ ಮೊದಲೇ ಒಂದು ನಿಯಮಪಟ್ಟಿಯನ್ನು ಕೊಡಬೇಕು, ತೀರ್ಮಾನವನ್ನು ಬ್ರೌಸರೇ ಮಾಡುತ್ತದೆ. ಎಲ್ಲ ಕೋರಿಕೆಗಳನ್ನೂ ನೋಡಬಲ್ಲ ವಿಸ್ತರಣೆ ದುಷ್ಟರ ಕೈಗೆ ಸಿಕ್ಕರೆ ಅಪಾಯವೆಂಬ ಗೂಗಲ್‌ನ ವಾದದಲ್ಲಿ ಹುರುಳಿದೆ, ಅಂಥ ವಿಸ್ತರಣೆಗಳು ಇದ್ದವು ಕೂಡ. ಆದರೂ ಬದಲಾವಣೆಯ ಫಲವಾಗಿ 2025ರ ಹೊತ್ತಿಗೆ ಯುಬ್ಲಾಕ್ ಒರಿಜಿನ್‌ನಂಥ ಸಮರ್ಥ ತಡೆಗಾರ ಕ್ರೋಮ್‌ನಲ್ಲಿ ತನ್ನ ಪೂರ್ಣ ರೂಪದಲ್ಲಿ ನಡೆಯದಂತಾಯಿತು. ಈಗ ಅಲ್ಲಿರುವುದು ಅದರ ಹಗುರವಾದ ತಮ್ಮ. ಫೈರ್‌ಫಾಕ್ಸ್ ಹೊಸ ನಿಯಮಾವಳಿಯನ್ನು ಒಪ್ಪಿಕೊಂಡರೂ ಹಳೆಯ ಅಧಿಕಾರವನ್ನು ವಿಸ್ತರಣೆಗಳಿಂದ ಕಸಿದುಕೊಳ್ಳಲಿಲ್ಲ. ಪ್ರತಿನಿಧಿಗೆ ಸಹಾಯಕನನ್ನು ಕೊಡುವ ನಮ್ಮ ಹಕ್ಕಿನ ಪ್ರಶ್ನೆ ಇದು ಎಂದು ನಾನು ನೋಡುತ್ತೇನೆ.

ಈಗ ಎಲ್ಲರ ಬಾಯಲ್ಲಿರುವ ಹೊಸ ಬದಲಾವಣೆಗೆ, ಅಂದರೆ ಕೃತಕ ಬುದ್ಧಿಮತ್ತೆಯ (ಎಐ) ಬ್ರೌಸರ್‌ಗಳಿಗೆ ಬರೋಣ. 2025ರ ಜುಲೈನಲ್ಲಿ ಪರ್‌ಪ್ಲೆಕ್ಸಿಟಿಯ ಕಾಮೆಟ್, ಅಕ್ಟೋಬರ್‌ನಲ್ಲಿ ಓಪನ್‌ಎಐನ ಅಟ್ಲಾಸ್ ಬಂದವು. ಎರಡೂ ಕ್ರೋಮಿಯಂ ಮೇಲೆಯೇ ನಿಂತವು. ಕ್ರೋಮ್ ಮತ್ತು ಎಡ್ಜ್ ಕೂಡ ತಮ್ಮೊಳಗೆ ಎಐ ಸಹಾಯಕಗಳನ್ನು ಕೂರಿಸಿಕೊಂಡಿವೆ. ಈ ಬ್ರೌಸರ್‌ಗಳು ಪುಟವನ್ನು ತೋರಿಸುವುದಷ್ಟೇ ಅಲ್ಲದೆ ಪುಟವನ್ನು ಓದಿ ಸಾರಾಂಶ ಹೇಳುತ್ತವೆ, ಕೇಳಿದರೆ ನಮ್ಮ ಬದಲು ಗುಂಡಿಗಳನ್ನೂ ಒತ್ತುತ್ತವೆ. ಏಜೆಂಟ್ ಎಂಬ ಹಳೆಯ ಪದ ಇಲ್ಲಿ ಅಕ್ಷರಶಃ ನಿಜವಾಗಿದೆ. ಕಣ್ಣಿಗೆ ತೊಂದರೆಯಿರುವವರಿಗೆ, ಗೋಜಲಾದ ನಮೂನೆಗಳ ಮುಂದೆ ಕೈಚೆಲ್ಲುವವರಿಗೆ ಇದರಿಂದ ಆಗಬಹುದಾದ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ.

ಆದರೆ ಇದರಲ್ಲಿ ಮೂಲಭೂತವಾದ ಒಂದು ದೌರ್ಬಲ್ಯವಿದೆ. ಬ್ರೌಸರ್ ಸುರಕ್ಷತೆಯೆಲ್ಲ ನಿಂತಿರುವುದು ಒಂದು ತಾಣದ ಪುಟ ಇನ್ನೊಂದು ತಾಣದ ಮಾಹಿತಿಯನ್ನು ಮುಟ್ಟಬಾರದೆಂಬ ನಿಯಮದ ಮೇಲೆ. 2018ರಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದಾಗ ಈ ಗೋಡೆಯನ್ನು ಕಾಯಲು ಕ್ರೋಮ್ ಪ್ರತಿ ತಾಣವನ್ನೂ ಬೇರೆ ಪ್ರಕ್ರಿಯೆಯಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಉಳಿದವುಗಳಿಂದ ಬೇರ್ಪಟ್ಟ ಕೆಲಸವಾಗಿ, ನಡೆಸುವ ಏರ್ಪಾಡು ಮಾಡಿತು, ಫೈರ್‌ಫಾಕ್ಸ್ 2021ರಲ್ಲಿ ಅದೇ ದಾರಿ ಹಿಡಿಯಿತು. ಎಲ್ಲ ಟ್ಯಾಬ್‌ಗಳನ್ನೂ ಓದಬಲ್ಲ, ನಮ್ಮ ಖಾತೆಗಳೊಳಗೆ ನಮ್ಮ ಹೆಸರಿನಲ್ಲಿ ಓಡಾಡಬಲ್ಲ ಸಹಾಯಕ ಆ ಗೋಡೆಯ ಎರಡೂ ಬದಿಯಲ್ಲಿ ನಿಂತಿರುತ್ತಾನೆ. ಸಹಾಯಕದ ಹಿಂದಿರುವ ಎಐ ಭಾಷಾ ಮಾದರಿಗೆ ಯಜಮಾನನ ಆಜ್ಞೆ ಯಾವುದು, ಪುಟದಲ್ಲಿ ಬರೆದಿರುವ ವಾಕ್ಯ ಯಾವುದು ಎಂಬ ಭೇದ ಖಚಿತವಾಗಿ ತಿಳಿಯದು, ಎರಡೂ ಅದಕ್ಕೆ ಪಠ್ಯವೇ. ಹಾಗಾಗಿ ಯಾರೋ ಪುಟದಲ್ಲಿ ಅಡಗಿಸಿಟ್ಟ ಸೂಚನೆಯನ್ನು ಅದು ನಮ್ಮ ಆಜ್ಞೆಯೆಂದು ತಿಳಿದು ಪಾಲಿಸಬಹುದು. 2025ರ ಆಗಸ್ಟ್‌ನಲ್ಲಿ ಬ್ರೇವ್‌ನ ಸುರಕ್ಷತಾ ತಂಡ ಕಾಮೆಟ್ ಬ್ರೌಸರಿನಲ್ಲಿ ಇದನ್ನು ಮಾಡಿ ತೋರಿಸಿತು: ಪುಟವೊಂದನ್ನು ಸಂಕ್ಷೇಪಿಸು ಎಂದರೆ, ಆ ಪುಟದಲ್ಲಿ ಅಡಗಿದ್ದ ಬರಹದ ಮಾತು ಕೇಳಿ ಸಹಾಯಕ ಬಳಕೆದಾರರ ಇಮೇಲ್‌ನತ್ತ ಹೋಗಿತ್ತು. ಆ ಒಂದು ದೋಷವನ್ನು ಸರಿಪಡಿಸಬಹುದು, ಆದರೆ ಈ ಬಗೆಯ ದಾಳಿಗೆ ಪೂರ್ಣ ಪರಿಹಾರ ಇನ್ನೂ ಸಿಕ್ಕಿಲ್ಲ. ಆದ್ದರಿಂದ ಬ್ಯಾಂಕ್, ಇಮೇಲ್, ವೈದ್ಯಕೀಯ ದಾಖಲೆ ಇವುಗಳಿಗೆ ಪ್ರವೇಶಿಸಿರುವ ಬ್ರೌಸರಿನಲ್ಲಿ ತಾನಾಗಿ ಕೆಲಸ ಮಾಡುವ ಸಹಾಯಕವನ್ನು ಸದ್ಯಕ್ಕೆ ನಡೆಸಬೇಡಿ ಎಂದು ಒತ್ತಿ ಹೇಳುತ್ತೇನೆ.

ಕೊನೆಗೆ ಆಯ್ಕೆಯ ಮಾತು. ವೇಗವನ್ನು ನಾನು ಪರಿಗಣಿಸುವುದೇ ಇಲ್ಲ. ಈಗಿನ ಮೂರು ಎಂಜಿನ್‌ಗಳ ನಡುವಿನ ವ್ಯತ್ಯಾಸ ದಿನನಿತ್ಯದ ಓದಿನಲ್ಲಿ ಗೊತ್ತಾಗುವುದಿಲ್ಲ. ಪುಟ ತಡವಾಗಿ ತೆರೆಯುತ್ತಿದ್ದರೆ ಬಹುತೇಕ ಅದರ ಮೇಲೆ ಹೇರಿರುವ ಜಾಹೀರಾತು ಮತ್ತು ಹಿಂಬಾಲಕ ಸಂಕೇತಗಳೇ ಕಾರಣ, ಅವುಗಳನ್ನು ತಡೆದರೆ ಯಾವ ಬ್ರೌಸರಾದರೂ ಚುರುಕಾಗುತ್ತದೆ. ನಾನು ಮೊದಲು ನೋಡುವುದು ಸುರಕ್ಷತಾ ಪರಿಷ್ಕರಣೆ ಎಷ್ಟು ಬೇಗ ಬರುತ್ತದೆ ಎಂಬುದನ್ನು. ಕ್ರೋಮಿಯಂನಲ್ಲೋ ಗೆಕ್ಕೊದಲ್ಲೋ ದೋಷವೊಂದನ್ನು ಸರಿಪಡಿಸಿದ ಕೂಡಲೇ ಆ ತಿದ್ದುಪಡಿ ಎಲ್ಲರಿಗೂ ಕಾಣುತ್ತದೆ, ದಾಳಿಕೋರರೂ ಅದನ್ನು ಓದಿ ದೋಷವೇನೆಂದು ತಿಳಿದುಕೊಳ್ಳುತ್ತಾರೆ. ಆ ತಿದ್ದುಪಡಿಯನ್ನು ತಮ್ಮ ಬ್ರೌಸರಿಗೆ ತರಲು ವಾರಗಟ್ಟಲೆ ತೆಗೆದುಕೊಳ್ಳುವ ಸಣ್ಣ ತಂಡಗಳ ಬ್ರೌಸರ್, ಅದರ ಖಾಸಗಿತನದ ಭರವಸೆ ಎಷ್ಟೇ ಚೆನ್ನಾಗಿದ್ದರೂ, ನನ್ನ ಶಿಫಾರಸಿನಲ್ಲಿ ಇರುವುದಿಲ್ಲ. ಆಮೇಲೆ ನೋಡುವುದು ತಡೆಗಾರ ವಿಸ್ತರಣೆಗೆ ಎಷ್ಟು ಅಧಿಕಾರವಿದೆ ಎಂಬುದನ್ನು, ಆಮೇಲೆ ಹಣದ ಮೂಲವನ್ನು.

ಈ ಅಳತೆಗೋಲುಗಳನ್ನು ಹಿಡಿದು ನಾನೇ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ದಿನನಿತ್ಯಕ್ಕೆ ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸ್, ಅದರಲ್ಲಿ ಯುಬ್ಲಾಕ್ ಒರಿಜಿನ್ ಒಂದೇ ವಿಸ್ತರಣೆ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ ವಿಸ್ತರಣೆಗಳನ್ನು ಒಪ್ಪುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಬ್ಲಿಂಕ್‌ಗೆ ಮಾತ್ರ ಹೊಂದುವಂತೆ ಕಟ್ಟಿದ ತಾಣಗಳು ಎದುರಾದಾಗ ತೆರೆಯಲು ಕ್ರೋಮಿಯಂ ಆಧಾರಿತ ಬ್ರೌಸರೊಂದನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಕ್ರೋಮೇ ರೂಢಿಯಾದವರು ಅಲ್ಲಿಂದ ಬ್ರೇವ್ ಅಥವಾ ವಿವಾಲ್ಡಿಗೆ ಹೋದರೂ ಖಾಸಗಿತನದಲ್ಲಿ ಲಾಭವಿದೆ, ಎಂಜಿನ್ನಿನ ಸಮತೋಲ ಮಾತ್ರ ಬದಲಾಗದು. ಐಫೋನ್ ಉಳ್ಳವರಿಗೆ ಸಫಾರಿಯೇ ಸಾಕು, ಅದಕ್ಕೊಂದು ತಡೆಗಾರ ಸೇರಿಸಿಕೊಳ್ಳಿ. ಖಾಸಗಿ ಕಿಟಕಿಯನ್ನು ತೆರೆದರೆ ಯಾರಿಗೂ ಕಾಣುವುದಿಲ್ಲವೆಂಬ ತಿಳಿವಳಿಕೆ ತಪ್ಪು: ಅದು ನಿಮ್ಮ ಯಂತ್ರದಲ್ಲಿ ಇತಿಹಾಸವನ್ನು ಉಳಿಸುವುದಿಲ್ಲ, ಅಷ್ಟೇ. ತಾಣಕ್ಕೂ ಸಂಪರ್ಕ ಕೊಡುವ ಕಂಪನಿಗೂ ನಿಮ್ಮ ಜಾಡು ಸಿಗುತ್ತದೆ.

ಪುಟ ಕಟ್ಟುವವರು ಈ ಸಭೆಯಲ್ಲಿದ್ದರೆ ನನ್ನದೊಂದು ವಿನಂತಿ: ಕೆಲಸ ಒಪ್ಪಿಸುವ ಮೊದಲು ಮೂರೂ ಎಂಜಿನ್‌ಗಳಲ್ಲಿ ನೋಡಿ. ‘ಈ ಬ್ರೌಸರಿನಲ್ಲಿ ತೆರೆಯಿರಿ’ ಎಂಬ ಸೂಚನೆ ಬರೆಯುವ ಪ್ರತಿಯೊಬ್ಬರೂ 2001ರ ಆ ಸ್ಥಿತಿಯನ್ನು ಸ್ವಲ್ಪ ಸ್ವಲ್ಪವೇ ಮರಳಿ ತರುತ್ತಿದ್ದಾರೆ. ಹೊಸ ಎಂಜಿನ್‌ಗಳ ಪ್ರಯತ್ನವೂ ನಿಂತಿಲ್ಲ. ಮೊಜಿಲ್ಲಾದಲ್ಲಿ ಆರಂಭವಾಗಿ ಈಗ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿರುವ ಸರ್ವೊ, ಯಾವ ಹಳೆಯ ಎಂಜಿನ್ನಿನ ಸಂಕೇತವನ್ನೂ ಬಳಸದೆ ಲಾಭರಹಿತ ಸಂಸ್ಥೆಯೊಂದು ಕಟ್ಟುತ್ತಿರುವ ಲೇಡಿಬರ್ಡ್, ಎರಡನ್ನೂ ನಾನು ಆಸೆಯಿಂದ ಗಮನಿಸುತ್ತಿದ್ದೇನೆ. ಮಾನಕಕ್ಕೆ ತಕ್ಕಂತೆ ಕಟ್ಟಿದ ಪುಟ ಅವುಗಳಲ್ಲೂ ತೆರೆದುಕೊಳ್ಳುತ್ತದೆ.

ಬ್ರೌಸರ್ ಬದಲಿಸಲು ಮನಸ್ಸಿದ್ದರೂ ಪಾಸ್‌ವರ್ಡ್‌ಗಳು ಮತ್ತು ಬುಕ್‌ಮಾರ್ಕ್‌ಗಳು ಹೋಗಿಬಿಡುತ್ತವೆಂಬ ಭಯದಿಂದ ಹಿಂಜರಿಯುವವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ಹೊಸ ಬ್ರೌಸರ್ ಮೊದಲ ಸಲ ತೆರೆದಾಗಲೇ ಹಳೆಯದರಿಂದ ಅವುಗಳನ್ನು ತರಬೇಕೇ ಎಂದು ಸಾಮಾನ್ಯವಾಗಿ ಕೇಳುತ್ತದೆ, ಕೆಲವೇ ನಿಮಿಷಗಳ ಕೆಲಸ. ಹಾಗೆ ನೇರವಾಗಿ ಬಾರದಿದ್ದರೆ ಹಳೆಯ ಬ್ರೌಸರಿನ ಪಾಸ್‌ವರ್ಡ್ ವಿಭಾಗದಿಂದ ಎಲ್ಲವನ್ನೂ ಒಂದು ಕಡತವಾಗಿ ಹೊರತೆಗೆದು ಹೊಸದಕ್ಕೆ ಸೇರಿಸಬಹುದು. ಆ ಕಡತದಲ್ಲಿ ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವಂಥ ಸಾದಾ ಅಕ್ಷರಗಳಲ್ಲಿರುತ್ತವೆ, ಆದ್ದರಿಂದ ಸೇರಿಸಿ ಮುಗಿದ ಕೂಡಲೇ ಅದನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆದುಹಾಕಿ.